ವಯಸ್ಸಾದಂತೆ ಹೆಜ್ಜೆ ಗಿಡ್ಡವಾಗುವುದೇಕೆ?

ಪ್ರಶ್ನೆ:
ನಮ್ಮ ತಂದೆಯವರಿಗೆ ಈಗ 74 ವರ್ಷ. ಮಂಡಿನೋವಾಗಲಿ ಮಧುಮೇಹವಾಗಲಿ ಇಲ್ಲ, ಆದರೂ ಅವರ ಹೆಜ್ಜೆ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆ. ಪಕ್ಕದಲ್ಲಿ ನಡೆಯುತ್ತಾ ಗಮನಿಸಿದರೆ, ಕಾಲುಗಳು ಮೊದಲಿನಷ್ಟೇ ಚುರುಕಾಗಿ ಆಡುತ್ತವೆ. ಹಿಂದಿನ ಕಾಲಿನ ಹಿಮ್ಮಡಿ ಮಾತ್ರ ತಡವಾಗಿ, ಅರೆಮನಸ್ಸಿನಿಂದ ಎಂಬಂತೆ ಮೇಲೇಳುತ್ತದೆ. ಬೇಗನೆ ಸುಸ್ತಾಗುತ್ತಾರೆ. ಇದಕ್ಕೆ ಕಾರಣ ಬೀಳುವ ಭಯವೋ, ಸ್ನಾಯುಗಳ ದೌರ್ಬಲ್ಯವೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಎರಡೂ ಇರಬಹುದು. ಆದರೆ ಹಿಮ್ಮಡಿಯ ಬಗ್ಗೆ ನೀವು ಬರೆದಿರುವುದನ್ನು ಓದಿದರೆ, ಫಿಸಿಯೋಥೆರಪಿಸ್ಟ್ ಆಗಿ ನಾನು ಮೊದಲು ನೋಡುವುದು ಮೀನಖಂಡವನ್ನು. ಹಿಂದಿನ ಪಾದ ನೆಲ ಬಿಡುವ ಮುನ್ನ ದೇಹವನ್ನು ಮುಂದಕ್ಕೆ ತಳ್ಳುವ ಬಲದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ, ಮತ್ತು ವಯಸ್ಸಾದಂತೆ ಎದ್ದು ಕಾಣುವಂತೆ ಕುಗ್ಗುವುದೂ ಆ ತಳ್ಳುಬಲವೇ. ಡಿವಿಟಾ ಮತ್ತು ಹೋರ್ಟೋಬಾಗಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುವಕರಷ್ಟೇ ವೇಗವಾಗಿ ನಡೆದ ಹಿರಿಯರು ಕಣಕಾಲನ್ನು ಕಡಿಮೆ, ಸೊಂಟದ ಸ್ನಾಯುಗಳನ್ನು ಹೆಚ್ಚು ದುಡಿಸಿದ್ದು ಕಂಡುಬಂತು. ಇದರ ಜೊತೆಗೆ, ಕೀಲಿನ ಹಿಂದುಮುಂದಿನ ಸ್ನಾಯುಗಳು ಒಟ್ಟಿಗೇ ಬಿಗಿಯಾಗುವುದು ಹಿರಿಯರಲ್ಲಿ ಹೆಚ್ಚು. ಅದರಿಂದ ಕೀಲು ಭದ್ರವಾಗುತ್ತದಾದರೂ ಅಷ್ಟೇ ದೂರಕ್ಕೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಅವರ ಸುಸ್ತಿಗೆ ಇದೂ ಒಂದು ಕಾರಣವಾಗಿರಬಹುದು.

ಉತ್ತರ 2:
ಭಯದ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ಯುವಕರು ನಡೆಯುವಾಗ ಒಟ್ಟು ಸಮಯದ ಸುಮಾರು 20 ಪ್ರತಿಶತದಷ್ಟು ಹೊತ್ತು ಎರಡೂ ಪಾದಗಳು ನೆಲದ ಮೇಲಿರುತ್ತವೆ. ವಯಸ್ಸಾದಂತೆ, ಅದರಲ್ಲೂ ಬೀಳುವ ಅಂಜಿಕೆ ಇರುವವರಲ್ಲಿ, ಈ ಪಾಲು ಹೆಚ್ಚುತ್ತದೆ. ನಡೆಯುತ್ತಿರುವಾಗ ಅವರನ್ನು ಮಾತಿಗೆಳೆದು ನೋಡಿ. ಉತ್ತರಿಸಲು ನಿಂತುಬಿಡುತ್ತಾರೆಂದರೆ, ನಡಿಗೆಯೇ ಅವರ ಗಮನವನ್ನು ಬಹಳಷ್ಟು ಬೇಡುತ್ತಿದೆ ಎಂದು ಊಹಿಸಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಾತನಾಡುತ್ತಲೇ ಆರಾಮವಾಗಿ ನಡೆಯುತ್ತಾರೆ. ಹಾಗಾದರೆ ಉದ್ದುದ್ದ ಹೆಜ್ಜೆ ಇಡುವಂತೆ ಅವರಿಗೆ ನೆನಪಿಸುತ್ತಿರಬಹುದೇ?

ಉತ್ತರ 1:
ದಯವಿಟ್ಟು ಹಾಗೆ ಹೇಳಬೇಡಿ. ತಳ್ಳುವ ಬಲ ಇಲ್ಲದೆ ಪಾದವನ್ನು ದೂರಕ್ಕೆ ಚಾಚಿದರೆ ಅದು ದೇಹದಿಂದ ಬಹಳ ಮುಂದೆ ಊರುತ್ತದೆ, ವೇಗಕ್ಕೆ ತಡೆಯಾಗುತ್ತದೆ, ನುಣುಪು ನೆಲದಲ್ಲಿ ಜಾರುವ ಅಪಾಯವೂ ಇದೆ. ಅದರ ಬದಲು ಗಟ್ಟಿಯಾದ ಆಸರೆ ಹಿಡಿದು ಎರಡೂ ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮ ಮಾಡಿಸಿ. ಹೆಚ್ಚು ಹೊತ್ತು ಕುಳಿತೇ ಇರುವವರಾದರೆ ಸೊಂಟದ ಮುಂಭಾಗ ಬಿಗಿದುಕೊಂಡು ಕಾಲು ಸಾಕಷ್ಟು ಹಿಂದಕ್ಕೆ ಹೋಗುವುದಿಲ್ಲ, ಅದನ್ನೂ ಸಡಿಲಗೊಳಿಸಬೇಕು. ಒಂದು ಕೈ ಬೀಸುವುದು ಕಡಿಮೆಯಾಗಿದ್ದರೆ, ಪಾದ ಎಳೆದಾಡುತ್ತಿದ್ದರೆ ಅಥವಾ ಈ ಬದಲಾವಣೆ ಕೆಲವೇ ವಾರಗಳಲ್ಲಿ ಆಗಿದ್ದರೆ ಮಾತ್ರ ವಯಸ್ಸಿನ ಮೇಲೆ ಹಾಕದೆ ನರರೋಗ ತಜ್ಞರಿಗೆ ತೋರಿಸಿ.