ಸಹಾಯ ಬೇಕು: ಹಾಯಿದೋಣಿ ವರ್ಗದ ಲಾಂಛನವನ್ನು ಬದಲಿಸಬೇಕೇ?

ಬಳಗದ ಎಲ್ಲರಿಗೂ ನಮಸ್ಕಾರ. ಮಳೆಗಾಲ ಕಳೆದ ಮೇಲೆ ಮುಂಬೈ ಬಂದರಿನಲ್ಲಿ, ಗೇಟ್‌ವೇ ಆಫ್ ಇಂಡಿಯಾದ ಎದುರಿನ ನೀರಿನಲ್ಲಿ ಪಂದ್ಯವಾಡುವ ಸಣ್ಣ ಹಾಯಿದೋಣಿ ವರ್ಗವೊಂದರ (ಒಂದೇ ನಿಯಮಾವಳಿಗೆ ಒಳಪಟ್ಟ ಒಂದೇ ಬಗೆಯ ದೋಣಿಗಳ ಗುಂಪು) ಸದಸ್ಯ ನಾನು. ಲಾಂಛನ ಬದಲಾವಣೆಯ ಬಗ್ಗೆ ಟಿಪ್ಪಣಿ ಬರೆಯುವ ಹೊಣೆ ನನ್ನ ಮೇಲಿದೆ.

ನಮ್ಮದು ನೀರಿನಿಂದ ಚಿಮ್ಮುವ ಮೀನಿನ ಚಿತ್ರ. ಅದರ ಹುರುಪೆಗಳ ಸಣ್ಣ ಗೆರೆಗಳು ಮೊಬೈಲ್ ಪರದೆಯಲ್ಲಿ ಕಲಸಿಹೋಗುತ್ತವೆ. ಟೀ ಶರ್ಟಿನ ಕಸೂತಿಯಲ್ಲಂತೂ ಬರೀ ಕಪ್ಪು ಮಚ್ಚೆಯಾಗಿ ಕಾಣುತ್ತವೆ. ಆದರೆ ಬಿಳಿ ಹಾಯಿಯ ಮೇಲೆ ಅದೇ ಮೀನು ದೂರದಿಂದಲೂ ಸ್ಪಷ್ಟವಾಗಿ ಗುರುತು ಸಿಗುತ್ತದೆ.

ಹುರುಪೆಗಳನ್ನು ಬಿಟ್ಟು ಹೊರಗೆರೆಯಲ್ಲಷ್ಟೇ ಬರೆಸಿ ತೋರಿಸಿದೆ. ಕಿರಿಯರು ಮೆಚ್ಚಿದರು, ಹಿರಿಯರು ಒಪ್ಪಲಿಲ್ಲ. ಲೇಸರ್ ಎಂಬ ಹಾಯಿದೋಣಿ ವರ್ಗವು 2019ರಲ್ಲಿ ತನ್ನ ಅಂತರರಾಷ್ಟ್ರೀಯ ಸಂಘದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಾದ ಐಎಲ್‌ಸಿಎ ಎಂಬ ಹೆಸರಿಗೆ ಬದಲಾದದ್ದನ್ನು ಕೆಲವರು ಉದಾಹರಿಸುತ್ತಾರೆ. ಅದಕ್ಕೆ ಟ್ರೇಡ್‌ಮಾರ್ಕ್ ವಿವಾದದ ಒತ್ತಡವಿತ್ತು, ನಮಗೆ ಅಂಥ ಅನಿವಾರ್ಯತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ನನಗೆ ಬಗೆಹರಿಯದಿರುವುದು ಇಷ್ಟೇ. ವರ್ಗದ ಚಿಹ್ನೆಯು ಹಾಯಿಯ ಮೇಲೆ ದೇಶದ ಅಕ್ಷರಗಳು ಮತ್ತು ದೋಣಿಯ ಸಂಖ್ಯೆಯ ಜೊತೆಗೆ ಇರಬೇಕಾದ ಗುರುತಾದ್ದರಿಂದ, ಅದನ್ನು ಬದಲಿಸಿದರೆ ನಮ್ಮ ವರ್ಗದ ನಿಯಮಾವಳಿಯನ್ನೂ ತಿದ್ದಬೇಕಾಗುತ್ತದೆ, ಇನ್ನೂ ಗಟ್ಟಿಯಾಗಿರುವ ಹಳೆಯ ಹಾಯಿಗಳಿಗೆ ವಿನಾಯಿತಿಯನ್ನೂ ಕೊಡಬೇಕಾಗುತ್ತದೆ. ಹೊಸ ಹಾಯಿಯ ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ.

ವಿನ್ಯಾಸ ಕಲೆ ಬಲ್ಲವರು, ಹಾಯಿದೋಣಿ ಓಡಿಸಿದವರು ದಯವಿಟ್ಟು ತಿಳಿಸಿ: ಹಾಯಿಯ ಮೇಲೆ ಹಳೆಯ ಮೀನನ್ನೇ ಉಳಿಸಿಕೊಂಡು, ಮುದ್ರಣಕ್ಕೂ ಮೊಬೈಲಿಗೂ ಮಾತ್ರ ಸರಳ ರೂಪವನ್ನು ಬಳಸುವುದು ಸರಿಯೇ, ಅಥವಾ ಎಲ್ಲೆಡೆ ಒಂದೇ ಲಾಂಛನವಿರಬೇಕೇ?