ಮೈಸೂರಿನಲ್ಲಿ ಹತ್ತು-ಹನ್ನೆರಡು ದಿನ: ಬ್ಯಾಕ್‌ಪ್ಯಾಕರ್ ಹಾಸ್ಟೆಲ್ ನನ್ನಂಥವರಿಗೆ ಹೊಂದುತ್ತದೆಯೇ?

ಓಲೆಗರಿ (ಧಾರವಾಡ):

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತೇನೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿರುವ ಕೆಲವು ಹಸ್ತಪ್ರತಿಗಳನ್ನು ನೋಡಿ ಪಾಠಾಂತರಗಳನ್ನು (ಪ್ರತಿಯಿಂದ ಪ್ರತಿಗೆ ಬದಲಾಗುವ ಪದ-ವಾಕ್ಯಗಳನ್ನು) ಗುರುತು ಹಾಕಿಕೊಳ್ಳಬೇಕಾಗಿರುವುದರಿಂದ, ಜನವರಿಯಲ್ಲಿ ಹತ್ತು-ಹನ್ನೆರಡು ದಿನ ಅಲ್ಲಿಯೇ ಉಳಿಯುವ ಯೋಚನೆಯಿದೆ. ಖರ್ಚು ಪೂರ್ತಿ ನನ್ನದೇ. ಲಾಡ್ಜಿನಲ್ಲಿ ಅಷ್ಟು ದಿನ ಕೋಣೆ ಹಿಡಿದರೆ ಬಾಡಿಗೆಯೇ ಹದಿನೈದು ಸಾವಿರ ದಾಟುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಬ್ಯಾಕ್‌ಪ್ಯಾಕರ್ ಹಾಸ್ಟೆಲಿನ ಮಹಿಳೆಯರ ಡಾರ್ಮಿಟರಿಯಲ್ಲಿ, ಅಂದರೆ ಹಲವರು ಹಂಚಿಕೊಳ್ಳುವ ಕೋಣೆಯಲ್ಲಿ, ಒಂದು ಹಾಸಿಗೆ ಬುಕ್ ಮಾಡಿ ಎಂದು ಸಲಹೆ ಕೊಟ್ಟಿದ್ದಾಳೆ. ಫೋಟೋಗಳಲ್ಲಿ ಎಲ್ಲರೂ ಇಪ್ಪತ್ತೈದರ ಒಳಗಿನವರೇ ಕಾಣುತ್ತಾರೆ, ನನಗೆ ನಲವತ್ತೇಳು. ಇಂಥಲ್ಲಿ ನನಗೆ ಜಾಗ ಕೊಡುತ್ತಾರೆಯೇ, ಸಂಜೆ ಎರಡು ಗಂಟೆ ಕುಳಿತು ಟಿಪ್ಪಣಿ ತಿದ್ದುವಷ್ಟು ನಿಶ್ಶಬ್ದ ಇರುತ್ತದೆಯೇ, ಹಗಲೆಲ್ಲ ಹೊರಗಿರುವಾಗ ಸಾಮಾನುಗಳ ಗತಿಯೇನು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ. ಧಾರವಾಡದಿಂದ ರಾತ್ರಿ ರೈಲಿನಲ್ಲಿ ಹೊರಟು ಬೆಳಗ್ಗೆಯೇ ಮೈಸೂರಿನಲ್ಲಿ ಇಳಿಯುತ್ತೇನೆ ಎಂಬುದನ್ನೂ ಗಮನದಲ್ಲಿಟ್ಟುಕೊಳ್ಳಿ.

ಒಂಟಿಕೊಪ್ಪಲಿನವ:

ಮೇಡಂ, ಹಾಸ್ಟೆಲ್ ಯಾವುದು ಎನ್ನುವುದಕ್ಕಿಂತ ಯಾವ ಬಡಾವಣೆ ಮತ್ತು ವಾರದ ಯಾವ ದಿನ ಎಂಬುದನ್ನು ಮೊದಲು ನೋಡಿ. ಮೈಸೂರಿನ ಹಾಸ್ಟೆಲ್ ಸೋಮವಾರದಿಂದ ಗುರುವಾರದವರೆಗೆ ಒಂದು ಬಗೆ, ಶುಕ್ರವಾರ ರಾತ್ರಿಯಿಂದ ಭಾನುವಾರದವರೆಗೆ ಇನ್ನೊಂದೇ ಬಗೆ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಇದು ಶುಕ್ರವಾರ ಕಚೇರಿ ಮುಗಿಸಿ ಹೊರಟು ಊಟದ ಹೊತ್ತಿಗೆ ತಲುಪುವ ಊರಾಗಿದೆ. ಮಂಗಳವಾರ ಆರು ಹಾಸಿಗೆಗಳ ಕೋಣೆಯಲ್ಲಿ ನೀವು ಮತ್ತು ಇನ್ನೊಬ್ಬರು ಮಾತ್ರ ಇರಬಹುದು. ಶನಿವಾರ ಅದೇ ಕೋಣೆ ಭರ್ತಿಯಾಗಿ, ಮಹಡಿಯ ಮೇಲೆ ಗಿಟಾರ್ ಬಾರಿಸುತ್ತ ಕುಳಿತವರು ಹನ್ನೆರಡರವರೆಗೆ ಎದ್ದೇಳುವುದಿಲ್ಲ. ಜನವರಿಯಲ್ಲಿ ಸಂಕ್ರಾಂತಿ ಮತ್ತು ಗಣರಾಜ್ಯೋತ್ಸವದ ರಜೆಗಳು ವಾರಾಂತ್ಯಕ್ಕೆ ಅಂಟಿಕೊಂಡು ಬಂದರೆ ದರವೂ ಏರುತ್ತದೆ, ಗದ್ದಲವೂ ಏರುತ್ತದೆ.

ಬಡಾವಣೆಯ ವಿಚಾರಕ್ಕೆ ಬಂದರೆ, ನಿಮ್ಮ ಸಂಶೋಧನಾಲಯ ಇರುವುದು ಕೃಷ್ಣರಾಜ ಬುಲೆವಾರ್ಡ್‌ನಲ್ಲಿ. ಅದು ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಅರಮನೆ ಮತ್ತು ದೇವರಾಜ ಮಾರುಕಟ್ಟೆಯ ಸುತ್ತಲಿನ ಹಾಸ್ಟೆಲುಗಳು ತಿರುಗಾಟಕ್ಕೆ ಅನುಕೂಲವೇ ಹೊರತು ನಿದ್ದೆಗಲ್ಲ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳಕ್ಕೆ ಅರಮನೆಯ ದೀಪಾಲಂಕಾರ ನೋಡಲು ಜನ ಸೇರುವುದರಿಂದ ಆ ಹೊತ್ತಿನಲ್ಲಿ ಅಲ್ಲಿ ಆಟೋ ಸಿಗುವುದೇ ಕಷ್ಟ.

ನನ್ನ ಮಾತು ಕೇಳುವುದಾದರೆ ಗೋಕುಲಂ ಕಡೆ ನೋಡಿ. ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಅಲ್ಲಿಗೆ ಬಂದ ಮೇಲೆ ಆ ಬಡಾವಣೆಯ ಗಡಿಯಾರವೇ ಬೇರೆಯಾಯಿತು. ಚಳಿಗಾಲದ ತಿಂಗಳುಗಳಲ್ಲಿ ಬರುವ ಯೋಗ ವಿದ್ಯಾರ್ಥಿಗಳು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಅಭ್ಯಾಸಕ್ಕೆ ಹೋಗುವವರಾದ್ದರಿಂದ ರಾತ್ರಿ ಒಂಬತ್ತಕ್ಕೆಲ್ಲ ಮಲಗಿಬಿಡುತ್ತಾರೆ. ಅವರಲ್ಲಿ ನಿಮ್ಮ ವಯಸ್ಸಿನವರು, ನಿಮಗಿಂತ ಹಿರಿಯರು ಬೇಕಾದಷ್ಟು ಜನ ಇರುತ್ತಾರೆ. ಆದರೆ ಅಲಾರಂ ಕೂಡ ನಾಲ್ಕಕ್ಕೇ ಹೊಡೆಯುತ್ತದೆ, ಅದಕ್ಕೆ ಸಿದ್ಧರಿರಬೇಕು.

ಕೆಳಗಿನ ಬಂಕ್:

ನಾನು ಬೇರೊಂದು ಊರಿನ ಹಾಸ್ಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡಿದವಳು. ಮೇಲಿನವರು ಊರಿನ ವಿಷಯ ಹೇಳಿದ್ದಾರೆ, ನಾನು ಮೇಜಿನ ಆಚೆ ಬದಿಯ ವಿಷಯ ಹೇಳುತ್ತೇನೆ.

ವಯಸ್ಸಿನ ನಿರ್ಬಂಧ ಕೆಲವು ಕಡೆ ನಿಜಕ್ಕೂ ಇದೆ. ಹದಿನೆಂಟರ ಒಳಗಿನವರನ್ನು ಡಾರ್ಮಿಗೆ ಸೇರಿಸದಿರುವುದು ಸಾಮಾನ್ಯ. ಕೆಲವರು ಮೇಲ್ಮಿತಿಯನ್ನೂ ಇಟ್ಟಿರುತ್ತಾರೆ, ಮತ್ತು ಅದು ಬುಕಿಂಗ್ ಪುಟದ ತೀರ ಕೆಳಗೆ, ಯಾರೂ ಓದದ ನಿಯಮಗಳ ನಡುವೆ ಇರುತ್ತದೆ. ಹಣ ಕಟ್ಟುವ ಮೊದಲೇ ಫೋನ್ ಮಾಡಿ ಕೇಳಿಬಿಡಿ. ಗುರುತಿನ ಚೀಟಿಯಾಗಿ ವಿಳಾಸವಿರುವ ಮೂಲ ದಾಖಲೆಯೇ ಬೇಕು, ಪ್ಯಾನ್ ಕಾರ್ಡ್ ನಡೆಯುವುದಿಲ್ಲ. ಇನ್ನೊಂದು ವಿಚಿತ್ರವೆಂದರೆ, ಅದೇ ಊರಿನ ವಿಳಾಸವಿರುವವರಿಗೆ ಅನೇಕ ಹಾಸ್ಟೆಲುಗಳು ಹಾಸಿಗೆ ಕೊಡುವುದಿಲ್ಲ. ನಿಮ್ಮ ಆಧಾರ್‌ನಲ್ಲಿ ಧಾರವಾಡದ ವಿಳಾಸವಿದ್ದರೆ ತೊಂದರೆಯಿಲ್ಲ.

ಸತತವಾಗಿ ಎಷ್ಟು ರಾತ್ರಿ ಕೊಡುತ್ತಾರೆ ಎಂಬುದನ್ನೂ ವಿಚಾರಿಸಿ. ಒಂದು ವಾರಕ್ಕಿಂತ ಹೆಚ್ಚು ಉಳಿಯಲು ಬಿಡದವರಿದ್ದಾರೆ. ದರದ ಮೇಲೆ ಜಿಎಸ್‌ಟಿ ಬೇರೆ ಸೇರಬಹುದು. 2022ರ ಜುಲೈವರೆಗೆ ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಗೆ ತೆರಿಗೆ ಇರಲಿಲ್ಲ, ಆಮೇಲೆ ಶೇ. 12 ಆಯಿತು, 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಯಾರಾದರೂ ಹಳೆಯ ದರದಲ್ಲೇ ಬಿಲ್ ಹರಿದರೆ ಸುಮ್ಮನಿರಬೇಡಿ.

ಹಾಸಿಗೆ ಆರಿಸುವಾಗ ಕೆಳಗಿನ ಬಂಕನ್ನೇ ಕೇಳಿ ಪಡೆಯಿರಿ. ಏಣಿ ಹತ್ತಿಳಿಯುವ ಶ್ರಮವಷ್ಟೇ ಅಲ್ಲ, ರಾತ್ರಿ ಕನ್ನಡಕ, ನೀರಿನ ಬಾಟಲಿ, ಫೋನು ಇಡಲು ಮೇಲೆ ಜಾಗವೇ ಇರುವುದಿಲ್ಲ. ಪ್ರತಿ ಹಾಸಿಗೆಗೂ ಪರದೆ, ಪುಟ್ಟ ದೀಪ ಮತ್ತು ಪ್ಲಗ್ ಇದೆಯೇ ಎಂದು ಫೋಟೋದಲ್ಲೇ ತಿಳಿಯುತ್ತದೆ. ಪರದೆ ಇಲ್ಲದ ಡಾರ್ಮಿನಲ್ಲಿ ಎರಡು ದಿನ ಇರಬಹುದು, ಹತ್ತು ದಿನ ಆಗದು. ಲಾಕರ್ ಇರುತ್ತದೆ, ಬೀಗ ಇರುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಗು ಹಾಗೆಯೇ ಒಳಗೆ ಹಿಡಿಸುತ್ತದೆಯೇ ಎಂದು ಮೊದಲೇ ಕೇಳಿ, ಏಕೆಂದರೆ ಕೆಲವು ಲಾಕರುಗಳಲ್ಲಿ ಪರ್ಸು ಮತ್ತು ಪಾಸ್‌ಪೋರ್ಟ್ ಬಿಟ್ಟರೆ ಬೇರೇನೂ ಹಿಡಿಯುವುದಿಲ್ಲ.

ಡಾರ್ಮಿನಲ್ಲಿ ನಿದ್ದೆ ಕೆಡಿಸುವುದು ಗೊರಕೆ ಎಂದು ಎಲ್ಲರೂ ಹೆದರುತ್ತಾರೆ. ನನ್ನ ಪ್ರಕಾರ ಅದು ಪ್ಲಾಸ್ಟಿಕ್ ಕವರು. ಬೆಳಗಿನ ಐದರ ಬಸ್ಸಿಗೆ ಹೊರಡುವವರು ಕತ್ತಲಲ್ಲಿ ಕುಳಿತು ಒಂದೊಂದೇ ಕವರು ಬಿಚ್ಚಿ, ಹಲ್ಲುಜ್ಜುವ ಬ್ರಷ್ ಹುಡುಕಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚುವ ಆ ಸರಸರ ಸದ್ದಿನ ಮುಂದೆ ಗೊರಕೆ ಏನೂ ಅಲ್ಲ. ಕಿವಿಗೆ ಹಾಕಿಕೊಳ್ಳುವ ಇಯರ್‌ಪ್ಲಗ್ ತನ್ನಿ. ನಿಮ್ಮ ಸಾಮಾನನ್ನು ಬಟ್ಟೆಯ ಚೀಲಗಳಲ್ಲಿ ತನ್ನಿ.

ರೈಲಿಳಿದು ನೇರವಾಗಿ ಬಂದರೆ ಹಾಸಿಗೆ ಸಿಗುವುದಿಲ್ಲ. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ. ಆದರೆ ಬ್ಯಾಗು ಇಟ್ಟುಕೊಳ್ಳಲು ಬಹುತೇಕ ಎಲ್ಲರೂ ಒಪ್ಪುತ್ತಾರೆ, ಮುಂಚಿತವಾಗಿ ಹೇಳಿದರೆ ಸ್ನಾನಕ್ಕೂ ಅವಕಾಶ ಕೊಡುತ್ತಾರೆ.

ಸರಸ್ವತೀಪುರಂ:

ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಎರಡು-ಮೂರು ರಾತ್ರಿಗೆ ಡಾರ್ಮ್ ಸರಿ. ಹಗಲೆಲ್ಲ ಓಲೆಗರಿಯ ಮೇಲೆ ಕಣ್ಣಿಟ್ಟು ಬಂದವರಿಗೆ ಸಂಜೆ ತಮ್ಮದೇ ಆದ ಒಂದು ಬಾಗಿಲು ಇರಬೇಕು. ಹಾಸ್ಟೆಲಿನ ಹಾಸಿಗೆ ಐನೂರು-ಆರುನೂರು ಎಂದು ಕಂಡರೂ ಟವೆಲ್ಲಿಗೆ ಬೇರೆ, ಬಟ್ಟೆ ಒಗೆಯಲು ಬೇರೆ, ತಿಂಡಿಗೆ ಬೇರೆ ಎಂದು ಸೇರಿಸುತ್ತ ಹೋದರೆ ಸಾಧಾರಣ ಲಾಡ್ಜಿನ ಸಿಂಗಲ್ ರೂಮಿಗೂ ಅದಕ್ಕೂ ಅಂತರ ಕಿರಿದಾಗುತ್ತದೆ.

ಗಂಗೋತ್ರಿ ಬಡಾವಣೆಯ ಯೂತ್ ಹಾಸ್ಟೆಲನ್ನೂ ಒಮ್ಮೆ ವಿಚಾರಿಸಿ. ಅಲ್ಲಿ ಶಿಸ್ತು ಹೆಚ್ಚು, ಅಲಂಕಾರ ಕಡಿಮೆ. ಶಾಲಾ ಮಕ್ಕಳ ತಂಡ ಬಂದಿಳಿಯದಿದ್ದರೆ ಶಾಂತವಾಗಿಯೂ ಇರುತ್ತದೆ. ವಯಸ್ಸಿನ ಬಗ್ಗೆ ನಿಮಗೇಕೆ ಸಂಕೋಚ? ಯೂತ್ ಹಾಸ್ಟೆಲ್ ಎಂಬ ಏರ್ಪಾಡನ್ನು ಶುರು ಮಾಡಿದವರೇ ನಿಮ್ಮ ಹಾಗೆ ಪಾಠ ಹೇಳುವವರು. ಜರ್ಮನಿಯ ಶಾಲಾ ಮೇಷ್ಟ್ರು ರಿಚರ್ಡ್ ಶಿರ್ಮನ್ 1912ರಲ್ಲಿ ಆಲ್ಟೆನಾ ಕೋಟೆಯೊಳಗೆ ಅಂಥ ಮೊದಲ ಕಾಯಂ ವಸತಿಯನ್ನು ತೆರೆದರು.

ಓಲೆಗರಿ:

ಮೂವರಿಗೂ ಧನ್ಯವಾದ. ಶನಿವಾರ-ಭಾನುವಾರದ ಗದ್ದಲದ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹಾಗಾದರೆ ಸೋಮವಾರ ಬೆಳಗ್ಗೆ ಬಂದಿಳಿದು ಶುಕ್ರವಾರ ಬೆಳಗಿನವರೆಗೆ ಗೋಕುಲಂ ಕಡೆಯ ಡಾರ್ಮಿನಲ್ಲಿದ್ದು, ಮೂರು ರಾತ್ರಿ ರೈಲು ನಿಲ್ದಾಣದ ಹತ್ತಿರ ಸಿಂಗಲ್ ರೂಮ್ ಹಿಡಿದು, ಮತ್ತೆ ಸೋಮವಾರ ಡಾರ್ಮಿಗೆ ಮರಳಿದರೆ ಹೇಗೆ? ಬರೆಯುವ ಕೆಲಸಕ್ಕೆ ಹಾಸ್ಟೆಲಿನ ಕಾಮನ್ ರೂಮ್ ಸಾಕಾಗುತ್ತದೆಯೇ?

ಕೆಳಗಿನ ಬಂಕ್:

ಈ ಲೆಕ್ಕ ಚೆನ್ನಾಗಿದೆ, ಮೇಡಂ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ ಇರುವುದರಿಂದ ನಿಮ್ಮ ಸಂಶೋಧನಾಲಯ ಆ ದಿನ ತೆರೆದಿರುತ್ತದೆಯೇ ಎಂದು ಕೇಳಿಕೊಂಡೇ ದಿನ ಗೊತ್ತು ಮಾಡಿ. ರಜೆಯಿದ್ದರೆ ತಿದ್ದುವ ಬರೆಯುವ ಕೆಲಸವನ್ನೆಲ್ಲ ಆ ಸಿಂಗಲ್ ರೂಮಿನ ದಿನಗಳಿಗೇ ಇಟ್ಟುಕೊಳ್ಳಬಹುದು. ಮರಳಿ ಬರುವ ದಿನದ ಹಾಸಿಗೆಯನ್ನೂ ಈಗಲೇ ಬುಕ್ ಮಾಡಿ, ದೊಡ್ಡ ಬ್ಯಾಗನ್ನು ಆ ಮೂರು ದಿನ ಅಲ್ಲೇ ಇಟ್ಟುಕೊಳ್ಳುತ್ತೀರಾ ಎಂದು ರಿಸೆಪ್ಷನ್‌ನಲ್ಲಿ ಕೇಳಿ. ಜಾಗ ಖಾಲಿ ಇದ್ದರೆ ಬೇಡ ಎನ್ನುವವರು ಕಡಿಮೆ.

ಕಾಮನ್ ರೂಮಿನ ಮೇಲೆ ಮಾತ್ರ ಭರವಸೆ ಇಡಬೇಡಿ. ಸಂಜೆ ಆರರಿಂದ ಎಂಟರವರೆಗೆ ಪರವಾಗಿಲ್ಲ. ಅನಂತರ ಯಾರಾದರೂ ಬಂದು ಪಕ್ಕದಲ್ಲಿ ಕುಳಿತು ಯಾವ ಊರು, ಏನು ಓದುತ್ತಿದ್ದೀರಿ ಎಂದು ಕೇಳಿಯೇ ಕೇಳುತ್ತಾರೆ. ಮೇಜು-ಕುರ್ಚಿ ಇರುವ ಹಾಸ್ಟೆಲುಗಳು ಕಡಿಮೆ, ನೆಲದ ಮೆತ್ತೆ ಮತ್ತು ಬೀನ್ ಬ್ಯಾಗುಗಳೇ ಹೆಚ್ಚು. ಫೋನ್ ಮಾಡಿದಾಗ ವೈಫೈ ವೇಗ ಕೇಳುವ ಬದಲು, ಬೆನ್ನು ಕೊಟ್ಟು ಕುಳಿತು ಬರೆಯಬಹುದಾದ ಒಂದು ಕುರ್ಚಿ ಇದೆಯೇ ಎಂದು ಕೇಳಿ.