ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ನೀವು ಏನು ಮಾಡಿದಿರಿ?

ಕೇಳಿದವರು:
ಮಗಳಿಗೆ 14 ವರ್ಷ. ದಿನಾ 2 ಗಂಟೆ ಕೂತು ಓದುತ್ತಾಳೆ, ಸೋಮಾರಿ ಅಲ್ಲವೇ ಅಲ್ಲ. ಸಾಲುಸಾಲಿಗೂ ಹಳದಿ ಬಣ್ಣ ಬಳಿಯುತ್ತಾಳೆ. ಒಂದೊಂದು ಪಾಠವನ್ನು ನಾಲ್ಕು ಸಲ ಓದುತ್ತಾಳೆ. ಅವತ್ತು ರಾತ್ರಿ ಕೇಳಿದರೆ ಎಲ್ಲಾ ಹೇಳುತ್ತಾಳೆ. ವಾರ ಬಿಟ್ಟು ಪರೀಕ್ಷೆಗೆ ಕೂತರೆ ಏನೂ ಇಲ್ಲ. 'ನನ್ನ ತಲೆಯೇ ಸರಿ ಇಲ್ಲ' ಎಂದು ಅಳುತ್ತಾಳೆ. ನಿಮ್ಮ ಓದಿನಲ್ಲಿ, ನಿಮ್ಮ ಮಕ್ಕಳ ಓದಿನಲ್ಲಿ ನಿಜವಾಗಿ ಕೈ ಹಿಡಿದದ್ದು ಏನು? ದಯವಿಟ್ಟು ಹೇಳಿ.

ವಿಜ್ಞಾನ ಕಲಿಸುವ ಟೀಚರ್:
ಮಗಳ ತಲೆ ಸರಿಯಾಗಿಯೇ ಇದೆ, ಮೊದಲು ಅದನ್ನು ಅವಳಿಗೆ ಹೇಳಿ. ಹೀಗೆ ಅಳುವ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿ ವರ್ಷ ಇರುತ್ತಾರೆ. ಹೆಚ್ಚಿನವರು ಚೆನ್ನಾಗಿ ಕಷ್ಟಪಡುವವರೇ. ಒಂದೇ ಪುಟವನ್ನು ಮತ್ತೆ ಮತ್ತೆ ನೋಡಿದರೆ ಅದು ಪರಿಚಯದ ಮುಖದ ಹಾಗೆ ಆಗಿಬಿಡುತ್ತದೆ. ಮುಖ ಗೊತ್ತು, ಹೆಸರು ಬಾಯಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು, ಅಲ್ವಾ?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಎಲೆ ಆಹಾರ ತಯಾರಿಸುವ ಪಾಠ. 'ಐದು ಸಲ ಓದಿದ್ದೇನೆ ಮಿಸ್' ಅಂದ. ಪುಸ್ತಕ ಮುಚ್ಚಿಸಿ ಒಂದು ಬಿಳಿ ಹಾಳೆ ಕೊಟ್ಟೆ. 'ನೆನಪಿದ್ದಷ್ಟು ಬರಿ, ಚಿತ್ರ ಆದರೂ ಸರಿ' ಅಂದೆ. ಎಲೆ ಬಿಡಿಸಿದ. ಸೂರ್ಯನಿಂದ ಒಂದು ಬಾಣ ಎಳೆದ. ಬೇರಿನ ಹತ್ತಿರ 'ನೀರು' ಎಂದು ಬರೆದ. ಅಲ್ಲಿಗೆ ಪೆನ್ನು ನಿಂತಿತು. ಕಾರ್ಬನ್ ಡೈಆಕ್ಸೈಡ್ ಎಲೆಯ ಒಳಗೆ ಹೋಗುತ್ತದೋ, ಹೊರಗೆ ಬರುತ್ತದೋ ಎಂದು ಮೂರು ನಿಮಿಷ ಒದ್ದಾಡಿದ. ಹೇಳಿಬಿಡೋಣ ಎಂದು ನನಗೆ ಎಷ್ಟೋ ಸಲ ಅನ್ನಿಸಿತು, ಆದರೂ ಸುಮ್ನೆ ಇದ್ದೆ. ಕೊನೆಗೆ ಪುಸ್ತಕ ತೆರೆದು ನೋಡಿ ಕೆಂಪು ಪೆನ್ನಲ್ಲಿ ಬಾಣ ಹಾಕಿದ. ಎರಡು ತಿಂಗಳು ಬಿಟ್ಟು ಕೇಳಿದೆ. ಆ ಕೆಂಪು ಬಾಣ ಅವನಿಗೆ ನೆನಪಿತ್ತು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವರು ಪಾಠವನ್ನು ಇನ್ನೊಂದು ಸಲ ಓದಿದರು, ಉಳಿದವರು ನೋಡದೆ ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು: ನೋಡದೆ ಬರೆದವರಿಗೆ ಸುಮಾರು ಶೇ. 56ರಷ್ಟು ನೆನಪಿತ್ತು, ಓದಿದವರಿಗೆ ಶೇ. 42. ನಿಮ್ಮ ಮಗಳಿಗೆ ಆಗುತ್ತಿರುವುದೂ ಇದೇ. ಹಳದಿ ಪೆನ್ನು ಪಕ್ಕಕ್ಕಿಡಿ, ಖಾಲಿ ಹಾಳೆ ಕೊಡಿ.

ನರ್ಸಿಂಗ್ ಓದಿದವರು:
ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಯಾವಾಗ ಮತ್ತೆ ಕೇಳಿಕೊಳ್ಳಬೇಕು ಅನ್ನುವುದೂ ಅಷ್ಟೇ ಮುಖ್ಯ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಬರೆದ. ಮೊದಲ ದಿನವೇ ಜಾಸ್ತಿ ಸೋರಿಹೋಗುತ್ತದೆ. ಆಮೇಲೆ ಸೋರುವುದು ನಿಧಾನ ಆಗುತ್ತದೆ. ಹಾಗಾಗಿ ನಾನು ಮರುದಿನ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರಕ್ಕೆ, ಹದಿನೈದು ದಿನಕ್ಕೆ ಎಂದು ಕೇಳಿಕೊಳ್ಳುತ್ತಿದ್ದೆ. ಇದಕ್ಕೆ ಚಪ್ಪಲಿ ಬಂದ ರಟ್ಟಿನ ಡಬ್ಬದಲ್ಲಿ ಐದು ಖಾನೆ ಮಾಡಿ, ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆದ ಕಾರ್ಡುಗಳನ್ನು ಇಟ್ಟುಕೊಂಡಿದ್ದೆ. ಕಾರ್ಡಿನ ಉತ್ತರ ಸರಿಯಾದರೆ ಮುಂದಿನ ಖಾನೆಗೆ, ತಪ್ಪಾದರೆ ಮತ್ತೆ ಮೊದಲನೆಯದಕ್ಕೆ.

ಮೆದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಎರಡು ನನ್ನನ್ನು ತುಂಬಾ ಅಳಿಸಿವೆ. ನಾಲ್ಕನೆಯದು ಟ್ರಾಕ್ಲಿಯರ್, ಐದನೆಯದು ಟ್ರೈಜೆಮಿನಲ್. ಕಾರ್ಡ್ ಆರು ಸಲ ಮೊದಲ ಖಾನೆಗೇ ವಾಪಸ್ ಬಂತು. ಕೊನೆಗೆ ಹೆಸರಿನ ಅರ್ಥ ಹುಡುಕಿದೆ. ಟ್ರಾಕ್ಲಿಯ ಅಂದರೆ ಲ್ಯಾಟಿನ್‌ನಲ್ಲಿ ರಾಟೆ. ಆ ನರ ನಡೆಸುವ ಸ್ನಾಯುವಿನ ತುದಿ ನಿಜವಾಗಿಯೂ ರಾಟೆಯ ಹಗ್ಗದ ಹಾಗೆ ಒಂದು ಕುಣಿಕೆಯಲ್ಲಿ ಹಾದು ಕಣ್ಣನ್ನು ಎಳೆಯುತ್ತದೆ! ಅವತ್ತಿನಿಂದ ಒಮ್ಮೆಯೂ ತಪ್ಪಲಿಲ್ಲ. ಎಷ್ಟು ಸಲ ತಿರುಗಿಸಿದರೂ ಒಂದು ಕಾರ್ಡ್ ತಲೆಗೆ ಹತ್ತದಿದ್ದರೆ ಅದರ ಅರ್ಥ ಗೊತ್ತಿದೆಯಾ ಎಂದು ನೋಡಿ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ ಇರಲಿ. ತಿರುಗಿಸುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಬೇಕು. ಮನಸ್ಸಲ್ಲೇ 'ಹ್ಞಾಂ, ಗೊತ್ತು' ಅಂದುಕೊಂಡರೆ ಲೆಕ್ಕಕ್ಕಿಲ್ಲ.

ಒಬ್ಬ ಅಜ್ಜ:
ಬಾಯಿಪಾಠ ಕೆಟ್ಟದ್ದು ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿ. ಮಗ್ಗಿ ಬಾಯಿಗೆ ಬರಲೇಬೇಕು, ಇಲ್ಲದಿದ್ದರೆ ದೊಡ್ಡ ಲೆಕ್ಕದ ನಡುವೆ ತಲೆಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಆದರೆ ಏಳರ ಮಗ್ಗಿಯನ್ನು ರಾಗವಾಗಿ ಹೇಳುವ ಮೊಮ್ಮಗನಿಗೆ ಏಳೆಂಟ್ಲ ಎಷ್ಟು ಎಂದು ಥಟ್ಟನೆ ಕೇಳಿದರೆ ಏಳೊಂದ್ಲ ಏಳರಿಂದ ಶುರು ಮಾಡುತ್ತಿದ್ದ. ಈಗ ಹಿಂದುಮುಂದಾಗಿ ಕೇಳುತ್ತೇನೆ. ಮೆಟ್ಟಿಲು ಹತ್ತುವಾಗ ಒಂದು, ಕೈ ತೊಳೆಯುವಾಗ ಒಂದು.

ಕಾಲೇಜು ವಿದ್ಯಾರ್ಥಿ:
ಮನೆಯೊಳಗೆ ನಡೆಯುವ ಉಪಾಯ ನನಗೆ ಚೆನ್ನಾಗಿ ಕೆಲಸ ಮಾಡಿತು. ಸೂರ್ಯನಿಂದ ಶುರು ಮಾಡಿ 8 ಗ್ರಹ ಕ್ರಮವಾಗಿ ಬೇಕು ಅಂದುಕೊಳ್ಳಿ. ಬಾಗಿಲ ಚಿಲಕದ ಮೇಲೆ ಬುಧ, ಚಪ್ಪಲಿ ಗೂಡಿನಲ್ಲಿ ಶುಕ್ರ, ಕುರ್ಚಿಯ ಮೇಲೆ ಭೂಮಿ ಕೂತಿದೆ, ಹೀಗೆ ಕಣ್ಣು ಮುಚ್ಚಿ ಮನಸ್ಸಲ್ಲೇ ಮನೆಯೊಳಗೆ ನಡೆಯುತ್ತಾ ಹೋಗಬೇಕು. ಚಿತ್ರ ವಿಚಿತ್ರವಾಗಿದ್ದಷ್ಟೂ ಒಳ್ಳೆಯದು. ಹಳೆಯ ಗ್ರೀಕ್ ಮತ್ತು ರೋಮನ್ ಭಾಷಣಕಾರರು ಇದನ್ನೇ ಮಾಡುತ್ತಿದ್ದರು. ಪಟ್ಟಿಗೆ, ಭಾಷಣಕ್ಕೆ ಇದು ಸರಿ. ಭೌತಶಾಸ್ತ್ರದ ಲೆಕ್ಕ ಬಿಡಿಸಲು ನನಗೆ ಇದರಿಂದ ಏನೂ ಸಹಾಯ ಆಗಲಿಲ್ಲ. ಅಲ್ಲಿ ಲೆಕ್ಕ ಬಿಡಿಸಿಯೇ ಕಲಿಯಬೇಕು, ಅದೂ ಬೇರೆ ಬೇರೆ ಪಾಠದ್ದನ್ನು ಬೆರೆಸಿ.

ಇಬ್ಬರು ಮಕ್ಕಳ ತಾಯಿ:
ನಿದ್ದೆ ಕೆಡಿಸಬೇಡಿ. ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ನನ್ನ ದೊಡ್ಡ ಮಗ ಪರೀಕ್ಷೆ ಹಿಂದಿನ ರಾತ್ರಿ 3 ಗಂಟೆವರೆಗೆ ಓದಿ, ಬೆಳಿಗ್ಗೆ ಗೊತ್ತಿದ್ದದ್ದನ್ನೂ ತಪ್ಪು ಬರೆದು ಬಂದ. ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಗಮನವೇ ಇಲ್ಲದೆ ಓದಿದ್ದು ಒಳಗೇ ಹೋಗಿರುವುದಿಲ್ಲ.

ಕೇಳಿದವರು, ಮೂರು ವಾರದ ನಂತರ:
ಎಲ್ಲರಿಗೂ ಮನಸಾರೆ ವಂದನೆ. ಮೊದಲ ದಿನ ಹಾಳೆ ಮುಕ್ಕಾಲು ಖಾಲಿ ಉಳಿಯಿತು, ಮಗಳು ಪೆನ್ನು ಎಸೆದಳು. 'ಖಾಲಿ ಇರುವ ಜಾಗವನ್ನಷ್ಟೇ ಈಗ ಓದು, ಉಳಿದದ್ದು ನಿನಗೆ ಬರುತ್ತದಲ್ಲ' ಅಂದೆ. ಆ ಮಾತು ಅವಳಿಗೆ ಹಿಡಿಸಿತು. ಈಗ ಅರ್ಧ ಹೊತ್ತು ಓದು, ಇನ್ನರ್ಧ ಪುಸ್ತಕ ಮುಚ್ಚಿ ಬರೆಯುವುದು. ಹೋದ ವಾರದ ಕಿರುಪರೀಕ್ಷೆಯಲ್ಲಿ ಎರಡೇ ಪ್ರಶ್ನೆ ಬಿಟ್ಟಿದ್ದಾಳೆ. ಇತಿಹಾಸದ ಇಸವಿಗಳು ಮಾತ್ರ ಇನ್ನೂ ಕಲಸಿಹೋಗುತ್ತವೆ, ಅದಕ್ಕೆ ಡಬ್ಬ ತಯಾರಾಗುತ್ತಿದೆ. ನಿನ್ನೆ ಸಂಜೆ ಅವಳೇ ಬಂದು ಪುಸ್ತಕ ನನ್ನ ಕೈಗಿಟ್ಟು, 'ಅಮ್ಮ, ನೀನು ಕೇಳು. ಸುಳಿವು ಕೊಡಬೇಡ' ಅಂದಳು.